ಚಿಕ್ಕಮಗಳೂರಿನ ಮನೆಯಂಗಳಕ್ಕೆ ಪೇವರ್, ಹುಲ್ಲುಹಾಸು: ಎರಡು ಮಳೆಗಾಲ ಕಂಡ ಕೆಲಸದ ವಿಮರ್ಶೆ

ಅಂಕ ಮೊದಲೇ ಕೊಟ್ಟುಬಿಡೋಣ. ಕಲ್ಲು ಜೋಡಣೆಗೆ ಹತ್ತಕ್ಕೆ ಎಂಟು, ವಾಟಕ್ಕೆ, ಅಂದರೆ ನೀರು ಹರಿದುಹೋಗುವ ಇಳಿಜಾರಿಗೆ, ಏಳು, ಕಲ್ಲಿನಡಿಯ ಬುಡದ ಕೆಲಸಕ್ಕೆ ನಾಲ್ಕು, ಹುಲ್ಲಿಗೆ ಮೂರು. ಗಿಡಗಳಿಗೆ ಅಂಕ ಹಾಕುವ ಹಾಗಿಲ್ಲ, ಅರ್ಧಕ್ಕರ್ಧ ಈಗ ಅಲ್ಲಿಲ್ಲ.

ಕೆಲಸ ನಡೆದದ್ದು ಚಿಕ್ಕಮಗಳೂರು ಪಟ್ಟಣದ ಹೊಸ ಬಡಾವಣೆಯೊಂದರ 40×60 ಸೈಟಿನಲ್ಲಿ. ಪೇವಿಂಗ್, ಅಂದರೆ ನೆಲಕ್ಕೆ ಕಾಂಕ್ರೀಟಿನ ಪೇವರ್ ಕಲ್ಲು ಜೋಡಿಸಿದ ಜಾಗ, ಒಟ್ಟು 720 ಚದರ ಅಡಿ: ಗೇಟಿನಿಂದ ಕಾರು ನಿಲ್ಲುವ ಜಾಗದವರೆಗೆ 320, ಪಕ್ಕದ ಓಣಿ ನಾಲ್ಕಡಿ ಅಗಲಕ್ಕೆ ನಲವತ್ತೈದು ಅಡಿ ಉದ್ದ, ಹಿಂಬದಿ ಬಟ್ಟೆ ಒಗೆಯುವ ಕಡೆ 220. ಹುಲ್ಲುಹಾಸು 260 ಚದರ ಅಡಿ. ನಕ್ಷೆ ಬಿಡಿಸುವುದರಿಂದ ಹಿಡಿದು ಗಿಡ ನೆಡುವವರೆಗೆ ಎಲ್ಲ ಒಂದೇ ತಂಡದ್ದು. ಫೆಬ್ರವರಿಯಲ್ಲಿ ಶುರು ಮಾಡಿ ಹತ್ತೊಂಬತ್ತು ದಿನಕ್ಕೆ ಮುಗಿಸಿದ್ದಾರೆ. ಹೆಸರು ಇಲ್ಲಿ ಬರೆದಿಲ್ಲ. ಇಲ್ಲಾಗಲಿ ಹಾಸನದಲ್ಲಾಗಲಿ ಇದೇ ಕೆಲಸವನ್ನು ಇದೇ ಕ್ರಮದಲ್ಲಿ ಮಾಡುವ ತಂಡಗಳು ಹಲವು, ತಪ್ಪುಗಳೂ ಹೆಚ್ಚುಕಮ್ಮಿ ಇವೇ. ಕೆಲಸ ಮುಗಿದ ವಾರವೇ ಫೋಟೊ ಹಾಕಿ ಐದು ಸ್ಟಾರ್ ಕೊಡುವ ವಿಮರ್ಶೆಗಳನ್ನು ನಂಬಬೇಡಿ. ಏಪ್ರಿಲ್‌ನಲ್ಲಿ ಯಾವ ಪೇವರ್ ಆದರೂ ಚೆನ್ನಾಗಿಯೇ ಕಾಣುತ್ತದೆ.

ಕೊಟೇಶನ್

ತಂಡ ಕೊಟ್ಟದ್ದು ಒಂದು ಪುಟ. ಪೇವಿಂಗ್‌ಗೆ ಅದರಲ್ಲಿ ಎರಡೇ ಸಾಲು: 80 ಮಿ.ಮೀ. ಪೇವರ್ ಲೇಯಿಂಗ್ ಸಮೇತ ಚದರ ಅಡಿಗೆ ಇಷ್ಟು, 60 ಮಿ.ಮೀ.ಗೆ ಇಷ್ಟು. ಎಷ್ಟು ಆಳ ಅಗೆಯುತ್ತಾರೆ, ಕೆಳಗೆ ಜಲ್ಲಿ ಎಷ್ಟು ಇಂಚು, ಅಂಚಿಗೆ ಕರ್ಬ್ ಕಲ್ಲೋ ಬರೀ ಸಿಮೆಂಟ್ ಪಟ್ಟಿಯೋ, ಅಗೆದ ಮಣ್ಣು ಯಾರು ಸಾಗಿಸುತ್ತಾರೆ, ಕಟಿಂಗ್ ವೇಸ್ಟ್ ಯಾರ ಲೆಕ್ಕಕ್ಕೆ, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಒಂದೂ ಇಲ್ಲ. ಮೂರು ಕಡೆ ಕೊಟೇಶನ್ ತರಿಸಿ ಚದರ ಅಡಿ ದರವನ್ನಷ್ಟೇ ಹೋಲಿಸುವವರು ಮೋಸ ಹೋಗುವುದು ಇಲ್ಲೇ. ಕಡಿಮೆ ದರ ಹೇಳಿದವರು ಕಲ್ಲಿನಲ್ಲಿ ಉಳಿಸುವುದಿಲ್ಲ, ಕಲ್ಲು ಕಣ್ಣಿಗೆ ಕಾಣುತ್ತದಲ್ಲ. ಉಳಿಸುವುದು ಜಲ್ಲಿಯಲ್ಲಿ.

ಲೆಕ್ಕ ಕಷ್ಟದ್ದೇನಲ್ಲ. ಕಾರಿನ ಜಾಗಕ್ಕೆ ಮೇಲೆ 80 ಮಿ.ಮೀ. ಕಲ್ಲು, ಕೆಳಗೆ 30 ಮಿ.ಮೀ. ಮರಳು, ಅದರ ಕೆಳಗೆ ದಿಮ್ಮಸು ಹೊಡೆದು ಗಟ್ಟಿ ಮಾಡಿದ 150 ಮಿ.ಮೀ. ಜಲ್ಲಿ ಪದರ. ಕೂಡಿದರೆ 260 ಮಿ.ಮೀ., ಹತ್ತಿಂಚಿಗೆ ಸ್ವಲ್ಪ ಮೇಲೆ. ಅಷ್ಟು ಮಣ್ಣು ಹೊರಗೆ ಹೋಗಲೇಬೇಕು. 320 ಚದರ ಅಡಿಗೆ ಅದು ಸುಮಾರು 270 ಘನ ಅಡಿ ಗಟ್ಟಿಮಣ್ಣು, ಅಗೆದು ಸಡಿಲವಾದ ಮೇಲೆ ಕಾಲುಭಾಗ ಹೆಚ್ಚು. ಟ್ರ್ಯಾಕ್ಟರ್ ಎಷ್ಟು ಸಲ ಬಂತು ಎಂದು ಎಣಿಸಿದರೆ ಬುಡ ಎಷ್ಟು ಆಳ ಎನ್ನುವುದು ಗೊತ್ತಾಗುತ್ತದೆ, ಅಳತೆ ಟೇಪೂ ಬೇಕಿಲ್ಲ. ಈ ಮನೆಯಿಂದ ಹೊರಗೆ ಹೋದದ್ದು ಒಂದೇ ಟ್ರೈಲರ್. ಅಗೆದದ್ದೇ ಕಡಿಮೆ, ಅಗೆದದ್ದರಲ್ಲೂ ಉಳಿದದ್ದನ್ನು ಹುಲ್ಲು ಹಾಕುವ ಜಾಗಕ್ಕೆ ಎರಚಿದ್ದಾರೆ. ಆ ಮಣ್ಣಿನ ಕಥೆ ಮುಂದೆ ಮತ್ತೆ ಬರುತ್ತದೆ.

ಕೊಟೇಶನ್‌ನಲ್ಲಿ ಕೇಳಿ ಬರೆಸಿಕೊಳ್ಳಬೇಕಾದದ್ದು ಇಷ್ಟು: ಅಗೆಯುವ ಆಳ, ಜಲ್ಲಿ ಪದರದ ಗಟ್ಟಿಯಾದ ನಂತರದ ದಪ್ಪ, ಮರಳಿನ ದಪ್ಪ, ಕರ್ಬ್ ಎಷ್ಟು ರನ್ನಿಂಗ್ ಅಡಿ, ಚೇಂಬರ್ ಮುಚ್ಚಳಗಳ ಮಟ್ಟ ಏರಿಸುವ ಕೆಲಸ ಯಾರದ್ದು. ‘ಗಟ್ಟಿಯಾದ ನಂತರ’ ಎಂಬ ಮಾತು ಬಿಡಬೇಡಿ. ಸಡಿಲ ಜಲ್ಲಿ ಆರಿಂಚು ಸುರಿದು ಆರಿಂಚು ಎಂದೇ ಬಿಲ್ ಮಾಡುವುದು ಮಾಮೂಲಿ.

ಕಲ್ಲು

ತಂಡದ ಬಲ ಇದೇ. ಕಾರಿನ ಜಾಗಕ್ಕೆ 200×100×80 ಮಿ.ಮೀ. ಇಟ್ಟಿಗೆ ಆಕಾರದ ಬೂದು ಕಲ್ಲು, ಉಳಿದ ಕಡೆ 60 ಮಿ.ಮೀ. ಜಿಗ್‌ಜಾಗ್ ಕೆಂಪು. ಎರಡೂ ಮೆಷಿನ್ ಪ್ರೆಸ್ ಮಾಲು. ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದ, ಕನ್ನಡಿಯಂತೆ ಹೊಳೆಯುವ ಪೇವರ್ ಬೇಡವೆಂದು ತಂಡವೇ ಹೇಳಿದೆ, ಅದಕ್ಕೆ ಮೆಚ್ಚುಗೆ. ಆ ಹೊಳಪಿನ ಮೇಲೆ ಮಲೆನಾಡಿನ ಪಾಚಿ ಕೂತರೆ ಜುಲೈನಲ್ಲಿ ಕಾಲಿಡುವಂತಿಲ್ಲ.

ದಪ್ಪದ ಬಗ್ಗೆ ಒಂದು ಮಾತು. ಭಾರತೀಯ ಮಾನಕ ಐಎಸ್ 15658ರ 2006ರ ಪಟ್ಟಿಯ ಪ್ರಕಾರ ವಾಹನ ಬಾರದ ಕಡೆಗೆ 50 ಮಿ.ಮೀ. ಎಂ-30 (ಎಂ ಅಂದರೆ ಕಾಂಕ್ರೀಟಿನ ಬಲದ ದರ್ಜೆ), ಹಗುರ ಸಂಚಾರಕ್ಕೆ 60 ಮಿ.ಮೀ. ಎಂ-35, ಮಧ್ಯಮ ಸಂಚಾರಕ್ಕೆ 80 ಮಿ.ಮೀ. ಎಂ-40. ಮನೆಯ ಕಾರಿಗೆ 60 ಸಾಕು. ನೀರಿನ ಟ್ಯಾಂಕರ್, ಜಲ್ಲಿ ಲಾರಿ, ಮೂಟೆ ಹೇರಿದ ಪಿಕಪ್ ಒಳಗೆ ಬರುವುದಾದರೆ 80. ಇಲ್ಲಿ 80 ಮಾರಿದ್ದಾರೆ, ಬುಡದಲ್ಲಿ ಎರಡಿಂಚು ಜಲ್ಲಿ ಕಡಿಮೆ ಹಾಕಿದ್ದಾರೆ. ದುಡ್ಡು ಉಲ್ಟಾ ಕಡೆ ಖರ್ಚಾದ ಹಾಗಾಯಿತು. ತೆಳು ಬುಡದ ಮೇಲಿನ ದಪ್ಪ ಕಲ್ಲಿಗಿಂತ ಆರಿಂಚು ಬುಡದ ಮೇಲಿನ 60 ಮಿ.ಮೀ. ಕಲ್ಲು ಹೆಚ್ಚು ಕಾಲ ನಿಲ್ಲುತ್ತದೆ.

ಕಲ್ಲಿನ ಗುಣಮಟ್ಟ ಮನೆಯಲ್ಲೇ ನೋಡಬಹುದು, ಅಡುಗೆಮನೆಯ ತಕ್ಕಡಿ ಸಾಕು. ಲೋಡಿನಲ್ಲಿ ಬೇರೆ ಬೇರೆ ಕಡೆಯಿಂದ ಮೂರು ಕಲ್ಲು ತೆಗೆದು ಮೂರ್ನಾಲ್ಕು ದಿನ ಬಿಸಿಲಿಗೆ ಒಣಗಿಸಿ ತೂಗಿ. 200×100×80 ಅಳತೆಯ ಕಲ್ಲು 3.6ರಿಂದ 3.8 ಕೆ.ಜಿ. ಬರಬೇಕು. 3.3 ಬಂದರೆ ಒಳಗೆ ಪೊಳ್ಳು ಇದೆ ಎಂದೇ ಅರ್ಥ. ಆಮೇಲೆ ಬಕೆಟ್‌ನಲ್ಲಿ 24 ಗಂಟೆ ಮುಳುಗಿಸಿಟ್ಟು, ಒದ್ದೆ ಬಟ್ಟೆಯಲ್ಲಿ ಮೇಲಿನ ನೀರು ಒರೆಸಿ ಮತ್ತೆ ತೂಗಿ. ಮಾನಕದ ಮಿತಿ ಸರಾಸರಿ ಶೇ. 6, ಅಂದರೆ ಈ ಕಲ್ಲಿಗೆ ಸುಮಾರು 220 ಗ್ರಾಂ. ಇಲ್ಲಿನ ಮೂರು ಕಲ್ಲು ಕುಡಿದ ನೀರು 170ರಿಂದ 190 ಗ್ರಾಂ. ಲ್ಯಾಬ್‌ನಲ್ಲಿ ಒಲೆಯಲ್ಲಿ ಪೂರ್ತಿ ಒಣಗಿಸಿ ತೂಗುವುದರಿಂದ ಅಲ್ಲಿ ಅಂಕಿ ಇನ್ನೂ ಸ್ವಲ್ಪ ಹೆಚ್ಚೇ ಬರುತ್ತದೆ. ಆ ಲೆಕ್ಕಕ್ಕೂ ಇದು ಪಾಸು. ನೀರು ಹೆಚ್ಚು ಕುಡಿಯುವ ಕಲ್ಲು ಇಲ್ಲಿ ಎರಡೇ ವರ್ಷಕ್ಕೆ ಕಪ್ಪಗಾಗುತ್ತದೆ, ಪಾಚಿ ಬೇರು ಬಿಟ್ಟ ಹಾಗೆ ಕೂರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಮೊದಲ ತಿಂಗಳಲ್ಲಿ ಕೆಂಪು ಕಲ್ಲಿನ ಮೇಲೆ ಬೂದಿ ಎರಚಿದ ಹಾಗೆ ಬಿಳುಪು ಕಾಣಿಸಿತ್ತು. ಇದು ದೋಷವಲ್ಲ. ಸಿಮೆಂಟಿನೊಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದು ಗಾಳಿ ತಗುಲಿ ಬಿಳಿಯಾಗುತ್ತದೆ, ಒಂದು ಮಳೆಗಾಲದಲ್ಲಿ ತೊಳೆದು ಹೋಗುತ್ತದೆ. ಇದಕ್ಕೆ ಹೆದರಿ ಟಾಯ್ಲೆಟ್ ಆಸಿಡ್ ಸುರಿದರೆ ಬಿಳುಪಿನ ಜೊತೆ ಮೇಲಿನ ಬಣ್ಣದ ಪದರವೂ ಹೋಗುತ್ತದೆ.

ಜೋಡಣೆ ನಿಜಕ್ಕೂ ಅಚ್ಚುಕಟ್ಟು. ಕಾರು ತಿರುಗುವ ಕಡೆ ಹೆರಿಂಗ್‌ಬೋನ್, ಅಂದರೆ ಮೀನಿನ ಮುಳ್ಳಿನಂತೆ ಅಡ್ಡಡ್ಡ ಹೆಣೆದ ಜೋಡಣೆ, 45 ಡಿಗ್ರಿ. ಚಕ್ರ ನಿಂತಲ್ಲೇ ತಿರುಗಿದಾಗ ಕಲ್ಲನ್ನು ಪಕ್ಕಕ್ಕೆ ತಳ್ಳುವ ಬಲ ಈ ಜೋಡಣೆಯಲ್ಲಿ ಹತ್ತು ಕಡೆ ಹಂಚಿಹೋಗುತ್ತದೆ. ಸಾಲಾಗಿ ಜೋಡಿಸಿದ್ದರೆ ಇಡೀ ಸಾಲೇ ಜರುಗುತ್ತಿತ್ತು. ಸಂದು ಎಲ್ಲ ಕಡೆ 2ರಿಂದ 4 ಮಿ.ಮೀ. ಒಳಗೆ. ಅಂಚಿನಲ್ಲಿ ಕಾಲು ಕಲ್ಲಿನ ಚೂರು ತುರುಕಿಲ್ಲ. ಚೂರು ತೀರಾ ಚಿಕ್ಕದಾಗುವ ಕಡೆ ಪಕ್ಕದ ಕಲ್ಲನ್ನೂ ಕತ್ತರಿಸಿ ಎರಡನ್ನೂ ದೊಡ್ಡದು ಮಾಡಿಕೊಂಡಿದ್ದಾರೆ. ನೀರು ಹಾಕಿ ಕತ್ತರಿಸುವ ಮೆಷಿನ್ ತಂದಿದ್ದರಿಂದ ಅಂಚು ಚಕ್ಕೆ ಎದ್ದಿಲ್ಲ. ಸುತ್ತಿಗೆಯಿಂದ ಒಡೆದು ಹಾಕುವವರ ಕೆಲಸದ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕುರುಡನಿಗೂ ಕಾಣುತ್ತದೆ.

ಬುಡ

ಓಣಿಯ ಮೊದಲ ಇಪ್ಪತ್ತು ಅಡಿ ಮೊದಲ ಜುಲೈನಲ್ಲೇ ಒಂದೂವರೆ ಇಂಚು ಕುಸಿದಿದೆ. ಕುಸಿತ ಹಾವಿನಂತೆ ಉದ್ದಕ್ಕೆ, ಒಂದೂವರೆ ಅಡಿ ಅಗಲ, ಗೋಡೆಗೆ ಸಮಾನಾಂತರ. ಕಾರಣ ಕೇಳಬೇಕಿಲ್ಲ, ಆಕಾರವೇ ಹೇಳುತ್ತದೆ. ಮನೆ ಕಟ್ಟುವಾಗ ನಾಲ್ಕಿಂಚಿನ ಡ್ರೈನ್ ಪೈಪು, ನೀರಿನ ಪೈಪು, ಕೇಬಲ್ ಎಲ್ಲ ಹಾಕಿದ ಕಾಲುವೆ ಅದು. ಎರಡಡಿ ಆಳ ಅಗೆದು, ಪೈಪು ಹಾಕಿ, ಅದೇ ಮಣ್ಣನ್ನು ಕಾಲಲ್ಲಿ ತಳ್ಳಿ ಮುಚ್ಚಿದ್ದು. ಬೇಸಿಗೆಯಲ್ಲಿ ಒಣಗಿದ ಕೆಂಪು ಮಣ್ಣು ಗಟ್ಟಿ ನೆಲದ ಹಾಗೇ ಕಾಣುತ್ತದೆ, ಮೇಲೆ ನಡೆದರೂ ತಿಳಿಯುವುದಿಲ್ಲ. ನೀರು ಇಳಿದ ಕೂಡಲೇ ಮಣ್ಣಿನ ಹೆಂಟೆಗಳ ನಡುವಿನ ಪೊಳ್ಳು ಕುಸಿಯುತ್ತದೆ. ಇಲ್ಲಿ ಆದದ್ದು ಅದೇ.

ತಂಡದ ತಪ್ಪು ಎಷ್ಟು? ಕಾಲುವೆ ಮುಚ್ಚಿದ್ದು ಕಟ್ಟಡದ ಮೇಸ್ತ್ರಿ, ಸರಿ. ಆದರೆ ಓಣಿಯಲ್ಲಿ ಜನ ಮಾತ್ರ ಓಡಾಡುತ್ತಾರೆ ಎಂದು ಜಲ್ಲಿಯನ್ನೇ ಹಾಕದೆ, ಮಣ್ಣಿನ ಮೇಲೆ ನೇರ ಮರಳು ಹಾಸಿ ಕಲ್ಲು ಕೂರಿಸಿದ್ದು ಇವರೇ. ಮನೆಯ ಸುತ್ತ ಮೊದಲು ಕುಸಿಯುವ ಜಾಗ ಯಾವಾಗಲೂ ಓಣಿ, ಯಾಕೆಂದರೆ ಪೈಪುಗಳೆಲ್ಲ ಹೋಗುವುದು ಅಲ್ಲೇ. ಕೆಲಸ ಶುರುವಿಗೆ ಮುಂಚೆ 8 ಮಿ.ಮೀ. ಕಂಬಿಯೊಂದನ್ನು ಎರಡಡಿಗೊಮ್ಮೆ ಕೈಯಲ್ಲಿ ಚುಚ್ಚಿ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು. ಗಟ್ಟಿ ನೆಲದಲ್ಲಿ ಕಂಬಿ ಒಂದೆರಡು ಇಂಚಿಗೆ ನಿಲ್ಲುತ್ತದೆ, ಕಾಲುವೆಯ ಮೇಲೆ ಮೊಣಕೈ ಉದ್ದ ಸಲೀಸಾಗಿ ಇಳಿಯುತ್ತದೆ. ಹಾಗೆ ಇಳಿದ ಕಡೆಯೆಲ್ಲ ಮಣ್ಣು ತೆಗೆದು ಆರಾರು ಇಂಚಿನ ಪದರವಾಗಿ ಮತ್ತೆ ತುಂಬಬೇಕು, ಪ್ರತಿ ಪದರಕ್ಕೂ ನೀರು ಚಿಮುಕಿಸಿ ರ್‍ಯಾಮರ್ ಹೊಡೆಯಬೇಕು. ಮಣ್ಣಿನ ಹದ ಹೇಗೆ ಎಂದರೆ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕೈದು ಚೂರಾಗಬೇಕು. ಪುಡಿಪುಡಿಯಾದರೆ ನೀರು ಸಾಲದು, ಮುದ್ದೆಯಾಗಿ ಕೂತರೆ ಹೆಚ್ಚಾಗಿದೆ.

ಕಾರಿನ ಜಾಗದಲ್ಲಿ ಜಲ್ಲಿ ನಾಲ್ಕೇ ಇಂಚು, ಆದರೆ ಮಾಲು ಸರಿಯಾದದ್ದು. 40 ಮಿ.ಮೀ.ನಿಂದ ಪುಡಿಯವರೆಗೆ ಎಲ್ಲ ಗಾತ್ರ ಬೆರೆತ ವೆಟ್ ಮಿಕ್ಸ್. ಬಹಳ ಕಡೆ ಒಂದೇ ಗಾತ್ರದ ತೊಳೆದ ಜಲ್ಲಿ ಹಾಕಿ ಅದರ ಮೇಲೆ ಮರಳು ಹರಡುತ್ತಾರೆ. ಮಳೆ ನೀರಿನ ಜೊತೆ ಆ ಮರಳು ಜಲ್ಲಿಯ ಸಂದಿಗೆ ಇಳಿದುಹೋಗಿ ಮೇಲೆ ತಟ್ಟೆ ತಟ್ಟೆಯಾಗಿ ಗುಂಡಿ ಬೀಳುತ್ತದೆ. ಇಲ್ಲಿ ಆ ತೊಂದರೆಯಿಲ್ಲ. ಎರಡು ಮಳೆಗಾಲದ ನಂತರವೂ ಚಕ್ರದ ಜಾಡು ಮೂಡಿಲ್ಲ. ಟ್ಯಾಂಕರ್ ಬಾರದ ಮನೆಯಾದ್ದರಿಂದ ಬಚಾವ್.

ಕೆಳಗಿನ ಮಣ್ಣು ಮೆತ್ತಗಿರುವ ಕಡೆ, ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಇದು ಸಾಮಾನ್ಯ, ಮಣ್ಣಿಗೂ ಜಲ್ಲಿಗೂ ನಡುವೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಜಲ್ಲಿ ಕೆಸರಿನೊಳಗೆ ಹೂತುಹೋಗುವುದಿಲ್ಲ. ಕಳೆ ಬಾರದಿರಲಿ ಎಂದು ಅದರ ಬದಲು ಪ್ಲಾಸ್ಟಿಕ್ ಶೀಟ್ ಹಾಸುವವರಿದ್ದಾರೆ. ಅದು ನೀರನ್ನು ಮೇಲೆಯೇ ಹಿಡಿದಿಟ್ಟು ಮರಳನ್ನು ಪಾಯಸ ಮಾಡುತ್ತದೆ. ಕಡೂರು, ಅರಸೀಕೆರೆಯ ಗಟ್ಟಿ ನೆಲಕ್ಕೆ ಈ ಬಟ್ಟೆಯ ಖರ್ಚು ಬೇಕಿಲ್ಲ.

ಮರಳಿನ ಹಾಸಿಗೆಗೆ ಬಳಸಿದ್ದು ಕಾಂಕ್ರೀಟ್ ದರ್ಜೆಯ ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ಸರಿಯಾದ ಆಯ್ಕೆ. ಗಾರೆಗೆ ಬಳಸುವ ಪಿ ಸ್ಯಾಂಡ್‌ನಲ್ಲಿ ಪುಡಿ ಹೆಚ್ಚು, ನೀರು ಬಿಡುವುದಿಲ್ಲ, ಚಕ್ರ ಹರಿದಾಗ ಸಂದಿನಿಂದ ಕೆಸರಾಗಿ ಮೇಲೆ ಚಿಮ್ಮುತ್ತದೆ. ಮಟ್ಟಕ್ಕೆ ಒಂದಿಂಚಿನ ಜಿಐ ಪೈಪು ಎರಡು ಇಟ್ಟು ಅದರ ಮೇಲೆ ಪಟ್ಟಿ ಎಳೆದಿದ್ದಾರೆ. ಒಂದಿಂಚಿನ ಪೈಪಿನ ಹೊರ ವ್ಯಾಸ 33 ಮಿ.ಮೀ.ಗಿಂತ ಚೂರು ಹೆಚ್ಚು, ಹಾಗಾಗಿ ಮರಳಿನ ದಪ್ಪ ತಾನಾಗಿಯೇ ಸರಿಬರುತ್ತದೆ. ಹೀಗೆ ಎಳೆದ ಮರಳನ್ನು ತುಳಿಯಬಾರದು. ತುಳಿದ ಹೆಜ್ಜೆ ಆಮೇಲೆ ಕಲ್ಲಿನ ಮೇಲೂ ಮೂಡುತ್ತದೆ. ಮರಳಿಗೆ ಸಿಮೆಂಟ್ ಬೆರೆಸಿಲ್ಲ, ಅದೂ ಸರಿ. ಸಿಮೆಂಟ್ ಬೆರೆಸಿದರೆ ಗಟ್ಟಿ ಎಂದು ಕೇಳಿ ಮಾಡಿಸುವವರೇ ಹೆಚ್ಚು. ಆ ಹಾಸಿಗೆ ಹಪ್ಪಳದಂತೆ ಬಿರುಕು ಬಿಡುತ್ತದೆ, ನೀರು ಇಳಿಯಲು ಬಿಡುವುದಿಲ್ಲ, ನಾಳೆ ಪೈಪು ರಿಪೇರಿಗೆ ಎತ್ತಿದ ಕಲ್ಲು ಮತ್ತೆ ಬಳಸಲು ಬರುವುದಿಲ್ಲ.

ವಾಟ, ಅಂಚು, ತಾರಸಿ ನೀರು

ಕಾಫಿ ಕಣ ಮಾಡಿಸಿದ ಊರಿನವರಿಗೆ ವಾಟದ ಬಗ್ಗೆ ಹೇಳಿಕೊಡಬೇಕಿಲ್ಲ. ಪೇವರ್‌ಗೆ ಅರವತ್ತಕ್ಕೆ ಒಂದು ಇರಲಿ, ಇಪ್ಪತ್ತಡಿ ಉದ್ದಕ್ಕೆ ನಾಲ್ಕಿಂಚು ಇಳಿತ. ಇಲ್ಲಿ ಗೇಟಿನ ಕಡೆಗೆ ಮೂರೂಮುಕ್ಕಾಲು ಇಂಚು ಸಿಕ್ಕಿದೆ, ಟ್ಯೂಬ್ ಲೆವೆಲ್ ಹಿಡಿದು ನೂಲು ಕಟ್ಟಿ ಮಾಡಿದ ಕೆಲಸ. ಗೋಡೆಯ ಬಳಿ ಕಲ್ಲಿನ ಮಟ್ಟ ಡ್ಯಾಂಪ್ ಪ್ರೂಫ್ ಪದರಕ್ಕಿಂತ (ನೆಲದ ತೇವ ಗೋಡೆಗೆ ಏರದಂತೆ ತಡೆಯುವ ಪದರ) ಆರಿಂಚು ಕೆಳಗಿರಬೇಕು, ಅದೂ ಇದೆ. ಇಲ್ಲದಿದ್ದರೆ ಮಳೆಗಾಲದ ನೀರು ಚಿಮ್ಮಿ ಒಳಗಿನ ಗೋಡೆಯ ಪೇಂಟ್ ಉಬ್ಬುತ್ತದೆ, ಜನ ಪೇಂಟರ್‌ಗೆ ಬೈಯುತ್ತಾರೆ. ಹಿಂಬದಿ ಮಾತ್ರ ಒಗೆಯುವ ಕಲ್ಲಿನ ಪಕ್ಕ ಒಂದು ಕಡೆ ನೀರು ನಿಲ್ಲುತ್ತದೆ, ಊಟದ ತಟ್ಟೆಯಷ್ಟು. ಮಾರ್ಚ್, ಏಪ್ರಿಲ್‌ನ ಹೂಮಳೆ ಇದನ್ನು ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತದೆ: ಮಳೆ ನಿಂತು ಅರ್ಧ ಗಂಟೆಯಾದ ಮೇಲೂ ನೀರಿರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಬರೆದು, ಕೊನೆಯ ಕಂತು ಕೊಡುವ ಮೊದಲು ತೋರಿಸಿ.

ಅಂಚಿನ ಕೆಲಸ ಹೋಗಿದೆ. ರಸ್ತೆಯ ಕಡೆ, ಕಾಂಪೌಂಡಿನ ಕಡೆ ಗೋಡೆಯೇ ತಡೆಯುವುದರಿಂದ ತೊಂದರೆಯಿಲ್ಲ. ಹುಲ್ಲಿನ ಕಡೆ ಕರ್ಬ್ ಕಲ್ಲು ಹಾಕದೆ, ಕಲ್ಲಿನ ಬದಿಗೆ ತ್ರಿಕೋನಾಕಾರದಲ್ಲಿ ಸಿಮೆಂಟ್ ಗಾರೆ ಮೆತ್ತಿದ್ದಾರೆ. ಮೊದಲ ವರ್ಷವೇ ಅದು ಮೂರು ಕಡೆ ಸೀಳಿ, ಕಾರಿನ ಎಡ ಚಕ್ರದ ಸಾಲು 12 ಮಿ.ಮೀ. ಹೊರಕ್ಕೆ ಜರುಗಿದೆ. ಅಂಚಿನ ಒಂದು ಕಲ್ಲು ಜರುಗಿದರೆ ಹಿಂದಿನ ನಾಲ್ಕು ಸಾಲಿನ ಸಂದು ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಸಂದಿನಿಂದ ಮರಳು ಹೋಗುತ್ತದೆ, ಮರಳು ಹೋದ ಕಲ್ಲು ಅಲ್ಲಾಡುತ್ತದೆ. ಪೇವರ್ ನಿಂತಿರುವುದೇ ಒಂದನ್ನೊಂದು ಒತ್ತಿಕೊಂಡು. ಕರ್ಬ್ ಕಲ್ಲನ್ನು ಕಾಂಕ್ರೀಟ್ ಮೇಲೆ ಕೂರಿಸಿ, ಹಿಂದೆ ಅರ್ಧ ಎತ್ತರದವರೆಗೆ ಕಾಂಕ್ರೀಟ್ ಒತ್ತು ಕೊಟ್ಟು, ಅದು ಗಟ್ಟಿಯಾದ ಮೇಲೆ ಒಳಗಿನ ಕಲ್ಲಿಗೆ ಪ್ಲೇಟ್ ಕಾಂಪ್ಯಾಕ್ಟರ್ (ಅದುರಿಸಿ ಒತ್ತುವ ಮೆಷಿನ್) ಓಡಿಸಬೇಕು. ಅಂಚು ಕಟ್ಟದ ಕಡೆ ಕಾಂಪ್ಯಾಕ್ಟರ್ ಮೂರಡಿ ದೂರವೇ ನಿಲ್ಲಬೇಕು.

ತಾರಸಿ ನೀರಿನ ವಿಷಯದಲ್ಲಿ ಇವರಿಗೂ ಕಟ್ಟಡದವರಿಗೂ ಮಾತುಕತೆಯೇ ಆಗಿಲ್ಲ. ಸುಮಾರು 1,300 ಚದರ ಅಡಿ ತಾರಸಿ, 60 ಮಿ.ಮೀ. ಮಳೆ ಬಿದ್ದ ದಿನ 7,200 ಲೀಟರ್ ನೀರು. ಮೂರು ಪೈಪಿನಲ್ಲಿ ಎರಡು ನೇರ ಪೇವರ್ ಮೇಲೆ ಬೀಳುತ್ತವೆ. ಅಲ್ಲಿ ಮೂರಡಿ ಸುತ್ತಳತೆಯಲ್ಲಿ ಸಂದಿನ ಮರಳು ಪೂರ್ತಿ ಖಾಲಿ, ಪೆನ್ನಿನ ರೀಫಿಲ್ ಇಟ್ಟರೆ ಅರ್ಧ ಇಳಿಯುತ್ತದೆ. ಪೈಪಿನ ಕೆಳಗೆ ಒಂದಡಿ ಚೌಕದ ಚೇಂಬರ್ ಕಟ್ಟಿ, ನೂರಕ್ಕೆ ಒಂದು ವಾಟದಲ್ಲಿ ನಾಲ್ಕಿಂಚಿನ ಪಿವಿಸಿ ಪೈಪನ್ನು ಚರಂಡಿಗೋ ಮಳೆ ಕೊಯ್ಲಿನ ಸಂಪಿಗೋ ಕೊಡಬೇಕಿತ್ತು. ಕಲ್ಲು ಹಾಕುವ ಮೊದಲು ಇದು ಅರ್ಧ ದಿನದ ಕೆಲಸ. ಗಾರ್ಡನ್ ಲೈಟಿನ ವೈರಿಗೆ, ಡ್ರಿಪ್ ಪೈಪಿಗೆ ಕಲ್ಲಿನಡಿ ಎರಡಿಂಚಿನ ಖಾಲಿ ಪೈಪು ಬಿಡುವುದೂ ಅಷ್ಟೇ. ಅದನ್ನು ಮಾತ್ರ ಇವರು ಮರೆತಿಲ್ಲ.

ಸಂದಿಗೆ ಮರಳು ತುಂಬುವುದನ್ನು ಒಂದೇ ಸಲಕ್ಕೆ ಮುಗಿಸಿದ್ದಾರೆ. ಒಣ ನುಣ್ಣನೆಯ ಮರಳನ್ನು ಗುಡಿಸಿ, ಕಾಂಪ್ಯಾಕ್ಟರ್ ಓಡಿಸಿ, ಮತ್ತೆ ಗುಡಿಸಿ, ಹೀಗೆ ಎರಡು ಮೂರು ಸಲ ಆಗಬೇಕು. ಮೊದಲ ಜೋರು ಮಳೆಯ ನಂತರ ಇನ್ನೊಮ್ಮೆ. ಈ ಕೆಲಸಕ್ಕೆ ಫೆಬ್ರವರಿಯಿಂದ ಮೇ ಒಳಗಿನ ಒಣ ದಿನಗಳೇ ಸರಿ. ಜೂನ್‌ನಲ್ಲಿ ಒದ್ದೆ ಮರಳು ಸಂದಿಗೆ ಇಳಿಯುವುದಿಲ್ಲ, ಬಾಯಲ್ಲೇ ಕೂತು ತುಂಬಿದ ಹಾಗೆ ಕಾಣುತ್ತದೆ. ಮರಳಿನ ಬದಲು ಸಿಮೆಂಟ್ ಹಾಲು ಸುರಿಯುವುದಂತೂ ಬೇಡವೇ ಬೇಡ.

ಹಿಂಬದಿಯ ಮೂರೂವರೆ ಅಡಿ ಸೈಜುಗಲ್ಲಿನ ತಡೆಗೋಡೆ ನೋಡಲು ಗಟ್ಟಿ. ನೀರು ಹೊರಬರಲು ಮೂರಿಂಚಿನ ಪೈಪುಗಳನ್ನು ನಾಲ್ಕಡಿಗೊಂದು ಇಟ್ಟಿದ್ದಾರೆ, ಆದರೆ ಹಿಂದೆ ಜಲ್ಲಿ ತುಂಬದೆ ಮಣ್ಣನ್ನೇ ತುಂಬಿರುವುದರಿಂದ ಎರಡನೇ ಮಳೆಗಾಲಕ್ಕೆ ಅರ್ಧ ಪೈಪು ಕಟ್ಟಿವೆ. ಗೋಡೆಯನ್ನು ತಳ್ಳುವುದು ಮಣ್ಣಿಗಿಂತ ಹೆಚ್ಚಾಗಿ ಅದರೊಳಗೆ ನಿಂತ ನೀರು. ಗೋಡೆಯ ಹಿಂದೆ ಒಂದಡಿ ಅಗಲಕ್ಕೆ ಜಲ್ಲಿ ಇರಲೇಬೇಕು. ಸದ್ಯ ಗೋಡೆ ವಾಲಿಲ್ಲ.

ಹುಲ್ಲು, ಗಿಡ

ಪೇವಿಂಗ್ ಗೊತ್ತಿರುವವರಿಗೆ ಹುಲ್ಲು ಗೊತ್ತಿರಲೇಬೇಕೆಂದಿಲ್ಲ. ಈ ಕೆಲಸ ಅದಕ್ಕೆ ಸಾಕ್ಷಿ.

ಮೊದಲನೆಯದು ಮಟ್ಟ. ಹುಲ್ಲಿನ ಮಣ್ಣು ಪೇವರ್‌ಗಿಂತ ಅರ್ಧದಿಂದ ಒಂದಿಂಚು ಕೆಳಗಿರಬೇಕು. ಇಲ್ಲಿ ಒಂದೂವರೆ ಇಂಚು ಮೇಲಿದೆ. ಕಾರಿನ ಜಾಗದಿಂದ ಅಗೆದ ಮಣ್ಣನ್ನು ಟ್ರೈಲರ್‌ಗೆ ಹೇರದೆ ಇಲ್ಲೇ ಸುರಿದದ್ದರ ಫಲ. ಪ್ರತಿ ಮಳೆಗೂ ಕೆಂಪು ನೀರು ಬೂದು ಕಲ್ಲಿನ ಮೇಲೆ ಹರಿದು, ಒಣಗಿದ ಮೇಲೆ ರಂಗೋಲಿ ಅಳಿಸಿದ ಹಾಗೆ ಕಲೆ. ಅದಕ್ಕಿಂತ ದೊಡ್ಡ ತೊಂದರೆ, ಆ ಮಣ್ಣು ಎಂಟಿಂಚು ಕೆಳಗಿನದ್ದು, ಸತ್ವವಿಲ್ಲದ್ದು, ಕಾಂಕ್ರೀಟ್ ಚೂರು ಬೆರೆತದ್ದು. ಅದರ ಮೇಲೆ ಎರಡಿಂಚು ಗೊಬ್ಬರದ ಮಣ್ಣು ಹರಡಿ ಹುಲ್ಲಿನ ಶೀಟ್ ಹಾಸಿದ್ದಾರೆ. ಬೇರು ಇಳಿಯಲು ಐದಾರು ಇಂಚು ಸಡಿಲ ಮಣ್ಣು ಬೇಕು. 260 ಚದರ ಅಡಿಗೆ ಆರಿಂಚೆಂದರೆ 130 ಘನ ಅಡಿ. ಕೆಂಪು ಮೇಲ್ಮಣ್ಣು ಎರಡು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು ಬೆರೆಸಿ ತುಂಬಬೇಕಿತ್ತು.

ಕಳಿತ ಎನ್ನುವ ಮಾತಿಗೆ ಒತ್ತು ಕೊಟ್ಟು ಹೇಳಬೇಕು. ಹಸಿ ಸಗಣಿಯ ಜೊತೆ ಗೊಣ್ಣೆ ಹುಳು ಬರುತ್ತದೆ, ಬೇರು ತಿಂದು ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಎತ್ತಬಹುದಾದಷ್ಟು ಸಡಿಲ ಮಾಡುತ್ತದೆ. ನಮ್ಮ ಕಡೆ ಸಲೀಸಾಗಿ ಸಿಗುವ ಕಾಫಿ ಸಿಪ್ಪೆಯೂ ಹಾಗೇ. ಚೆನ್ನಾಗಿ ಕೊಳೆತು ಕಪ್ಪಾದರೆ ಒಳ್ಳೆಯ ಗೊಬ್ಬರ, ಹಸಿಯಾಗಿ ಹಾಕಿದರೆ ಕೊಳೆಯುವಾಗಿನ ಬಿಸಿಗೆ ಬೇರು ಸುಡುತ್ತದೆ. ಮಣ್ಣು ಹುಳಿಯೋ ಅಲ್ಲವೋ ತಿಳಿಯಲು ಮೂಡಿಗೆರೆಯ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ನೋಡದೆ ಸುಣ್ಣ ಎರಚಬೇಡಿ.

ಎರಡನೆಯದು ಜೇಕು ಎಂಬ ಕಳೆ. ತಂದ ಮಣ್ಣಿನಲ್ಲಿ ಕೆರೆ ಗೋಡು ಬೆರೆತಿತ್ತು ಅನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ, ಆರನೇ ವಾರಕ್ಕೆ ಹುಲ್ಲಿನ ನಡುವೆ ಜೇಕು ತಲೆ ಎತ್ತಿದೆ. ಮೇಲೆ ಕಿತ್ತರೆ ಕೆಳಗಿನ ಗಡ್ಡೆ ಉಳಿದು ಒಂದಕ್ಕೆ ಮೂರಾಗುತ್ತದೆ. ಮಣ್ಣು ತುಂಬಿದ ಮೇಲೆ ಎರಡು ಮೂರು ವಾರ ಬರೀ ನೀರು ಹಾಕಿ ಬಿಡಬೇಕು. ಇರುವ ಕಳೆ ಎಲ್ಲ ಮೊಳೆಯುತ್ತದೆ, ಗಡ್ಡೆ ಸಮೇತ ಅಗೆದು ತೆಗೆದು ಆಮೇಲೆ ಹುಲ್ಲು ಹಾಸಬೇಕು. ಹತ್ತೊಂಬತ್ತು ದಿನದಲ್ಲಿ ಇಡೀ ಕೆಲಸ ಮುಗಿಸುವವರಿಗೆ ಇದಕ್ಕೆ ಪುರುಸೊತ್ತಿಲ್ಲ. ಹುಲ್ಲಿನ ಶೀಟ್ ಇಳಿಸುವಾಗಲೂ ನಾಲ್ಕಾರು ಮಗುಚಿ ಅಡಿ ನೋಡಿ, ಕಡಲೆಕಾಳಿನಷ್ಟು ಕಂದು ಗಡ್ಡೆ ಕಂಡರೆ ವಾಪಸ್ ಕಳಿಸಿ.

ಮೂರನೆಯದು ಬಿಸಿಲು. ಜಾಗ ಮನೆಯ ಉತ್ತರಕ್ಕೆ, ಪಕ್ಕದ ಮನೆಯ ಎರಡಂತಸ್ತಿನ ನೆರಳು ಬೇರೆ. ಹಾಕಿದ್ದು ಸಣ್ಣ ಎಲೆಯ ಮೆಕ್ಸಿಕನ್ ಹುಲ್ಲು, ಅದಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ವಾರಗಟ್ಟಲೆ ಸೂರ್ಯ ಕಾಣದ ಜುಲೈ, ಆಗಸ್ಟ್‌ನಲ್ಲಿ ಅದು ಹಳದಿಯಾಗಿ, ನೀರು ನಿಂತ ಕಡೆ ಕೊಳೆತಿದೆ. ಅಗಲ ಎಲೆಯ ಬಫೆಲೊ ಹುಲ್ಲು ನೆರಳು ತಡೆಯುತ್ತದೆ. ನೋಡಲು ಅಷ್ಟು ನುಣುಪಲ್ಲ ಎಂದು ಮಾರುವವರು ತೋರಿಸುವುದಿಲ್ಲ. ಇನ್ನೂ ನೆರಳಾದರೆ ಹುಲ್ಲಿನ ಹಟ ಬಿಟ್ಟು ಜರಿಗಿಡ, ಅಂಥೂರಿಯಂ, ಹೈಡ್ರೇಂಜಿಯ ಹಾಕುವುದು ಜಾಣತನ. ಮಲೆನಾಡಿನ ಹಳೆ ಮನೆಗಳ ಅಂಗಳದಲ್ಲಿ ಹುಲ್ಲುಹಾಸು ಇರಲಿಲ್ಲ, ಡೇರೆ ಹೂ ಇತ್ತು. ಅದಕ್ಕೆ ಕಾರಣವೂ ಇತ್ತು.

ಗಿಡಗಳದ್ದು ಚಿಕ್ಕ ಕಥೆ. ಸಂಪಿನಿಂದ ಎರಡಡಿಗೆ ಫೈಕಸ್ ಸಾಲು ನೆಟ್ಟಿದ್ದಾರೆ, ಅದರ ಬೇರು ಪೇವರ್ ಎತ್ತುತ್ತದೆ, ಸಂಪಿನ ಗೋಡೆಯ ಬಿರುಕು ಹುಡುಕುತ್ತದೆ. ಈಗಲೇ ಕಿತ್ತು ದಾಸವಾಳ, ಕೇಪಳ ಹಾಕುವುದು ಒಳ್ಳೆಯದು. ಒಣಗಿದ ಗಿಡಗಳನ್ನು ಕಿತ್ತಾಗ ಅರ್ಧಕ್ಕೆ ಬುಡದ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಚೀಲ ಹರಿಯದೆ ನೆಟ್ಟ ಗಿಡದ ಬೇರು ಒಳಗೇ ಸುತ್ತಿಕೊಂಡು ಸಾಯುತ್ತದೆ. ಕೂಲಿಯವರ ಅವಸರ, ಮೇಲ್ವಿಚಾರಣೆಯವರ ಗೈರುಹಾಜರಿ.

ಆಮೇಲಿನ ಸೇವೆ

ಫೋನ್ ಎತ್ತುತ್ತಾರೆ, ಇದು ಸಣ್ಣ ವಿಷಯವಲ್ಲ. ಹುಲ್ಲಿಗೆ ಗ್ಯಾರಂಟಿ ಇಲ್ಲ ಎಂದು ಕೈ ತೊಳೆದುಕೊಂಡಿದ್ದಾರೆ. ಓಣಿಯ ಕುಸಿತಕ್ಕೆ ಮಾತ್ರ ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನಲ್ಲಿ, ಮೂವರನ್ನು ಕಳಿಸಿದ್ದಾರೆ. ಒಟ್ಟು ಮೊತ್ತದಲ್ಲಿ ಶೇ. 10 ಹಿಡಿದಿಟ್ಟದ್ದರ ಪ್ರಭಾವವೂ ಇರಬಹುದು. ಒಂದು ಮಳೆಗಾಲ ದಾಟುವವರೆಗೆ ಅಷ್ಟು ಹಿಡಿಯುವ ಷರತ್ತನ್ನು ಕೊಟೇಶನ್‌ನಲ್ಲೇ ಬರೆಸಿ. ಪೇವಿಂಗ್‌ಗೆ ಈ ತಂಡ ಧಾರಾಳವಾಗಿ ಆಗಬಹುದು, ಆಳ ಮತ್ತು ಕರ್ಬ್ ಕಾಗದದ ಮೇಲಿದ್ದರೆ. ಹುಲ್ಲು, ಗಿಡಕ್ಕೆ ಬೇರೆಯವರನ್ನು ನೋಡಿ.

ಪಾಚಿಗೆ ಗಟ್ಟಿ ಪೊರಕೆ ಮತ್ತು ನೀರೇ ಸಾಕು, ಮಳೆ ಬಿಡುವು ಕೊಟ್ಟಾಗಲೆಲ್ಲ ಉಜ್ಜಿದರೆ ಕೂರುವುದಿಲ್ಲ. ಪ್ರೆಶರ್ ವಾಷರ್ ಹಿಡಿಯುವುದಾದರೆ ಓರೆಯಾಗಿ ಹಿಡಿಯಿರಿ, ನೇರ ಹಿಡಿದರೆ ಸಂದಿನ ಮರಳೆಲ್ಲ ಗೋಡೆಗೆ. ಬ್ಲೀಚಿಂಗ್ ಪೌಡರ್ ಬಳಸುವವರು ಅದರ ಜೊತೆ ಯಾವ ಆಸಿಡ್ಡನ್ನೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಓಣಿಯ ರಿಪೇರಿ ನೋಡಿದರೆ ಪೇವರ್‌ನ ಲಾಭವೂ ಗೊತ್ತಾಗುತ್ತದೆ. ಕಾಂಕ್ರೀಟ್ ಆಗಿದ್ದರೆ ಒಡೆದು ಎಸೆಯಬೇಕಿತ್ತು. ಇಲ್ಲಿ ಎರಡು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೊದಲ ಕಲ್ಲು ಮೀಟಿ ತೆಗೆದ ಮೇಲೆ ಉಳಿದವು ಕೈಯಲ್ಲೇ ಬಂದಿವೆ. ಮಣ್ಣು ಎರಡಡಿ ತೆಗೆದು ಮೂರು ಪದರವಾಗಿ ತುಂಬಿ, ನಾಲ್ಕಿಂಚು ಜಲ್ಲಿ ಹಾಕಿ, ಅದೇ ಕಲ್ಲನ್ನು ಮತ್ತೆ ಕೂರಿಸಲು ಎರಡು ದಿನ. ಒಡೆದದ್ದು ಏಳು ಕಲ್ಲು. ಅದೇ ಬ್ಯಾಚಿನ ಮೂವತ್ತು ಕಲ್ಲು ಮೊದಲೇ ಹೆಚ್ಚಿಗೆ ತರಿಸಿ ಒಗೆಯುವ ಕಲ್ಲಿನ ಪಕ್ಕ ಜೋಡಿಸಿಟ್ಟಿದ್ದರಿಂದ ಆ ಏಳು ಅಲ್ಲೇ ಸಿಕ್ಕಿವೆ. ಮಳೆ ಬಿಸಿಲಿಗೆ ಅವೂ ಮಾಸಿದ್ದವಾದ್ದರಿಂದ ಹಾಕಿದ ಜಾಗ ಈಗ ಹುಡುಕಿದರೂ ಸಿಗುವುದಿಲ್ಲ.